ಗೋಡೆಗೆ ಕಂಬಳಿ, ತಟ್ಟೆಗೆ ಏನು? ಉತ್ತರ ಕರ್ನಾಟಕದ ಥೀಮ್ ಕೆಫೆಯಲ್ಲಿ ಅಸಲಿ ಊಟ ಗುರುತಿಸುವುದು ಹೇಗೆ

ಬಾಗಿಲಲ್ಲೇ ಎತ್ತಿನಗಾಡಿಯ ಚಕ್ರ. ಒಳಗೆ ಲಾಟೀನು, ಗೋಡೆಗೆ ಕಂಬಳಿ, ಕುರ್ಚಿಗೆ ಗುಳೇದಗುಡ್ಡದ ಖಣದ ದಿಂಬು. ಬಡಿಸುವ ಹುಡುಗನ ತಲೆಗೆ ರುಮಾಲು. ಬೆಂಗಳೂರಿನ ಒಂದು ಕೆಫೆಗೆ ಗೆಳೆಯನ ಜೊತೆ ಹೋಗಿದ್ದೆ. ಎರಡು ಜೋಳದ ರೊಟ್ಟಿ, ಒಂದು ಎಣಗಾಯಿ (ಮಸಾಲೆ ತುಂಬಿದ ಬದನೆಕಾಯಿ) ಹೇಳಿದೆವು. ರೊಟ್ಟಿ ಬಂತು, ಬಟ್ಟಲು ಇಟ್ಟು ಕತ್ತರಿಸಿದ ಹಾಗೆ ದುಂಡಗೆ, ಮೇಲೆ ಬೆಣ್ಣೆ. ಮುರಿಯಲು ಹೋದರೆ ರಬ್ಬರಿನಂತೆ ಎಳೆಯಿತು. ಎಣಗಾಯಿ ಕಿತ್ತಳೆ ಬಣ್ಣದ ಗ್ರೇವಿಯಲ್ಲಿ ಮುಳುಗಿತ್ತು. ಗೋಡಂಬಿ ಪೇಸ್ಟು, ಕೆನೆ, ಮೇಲೆ ಇಷ್ಟು ಸಕ್ಕರೆ.

ಗೆಳೆಯ ಮೈಸೂರಿನವನು. "ಚೆನ್ನಾಗಿದೆ ಅಲ್ವಾ?" ಅಂದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು. ಆದರೆ ಬೋರ್ಡಿನಲ್ಲಿ ಬರೆದಿದ್ದ ಊಟ ಅದಾಗಿರಲಿಲ್ಲ. ರುಚಿಯಾಗಿದೆಯೇ ಅನ್ನುವುದು ಒಂದು ಪ್ರಶ್ನೆ, ಹೇಳಿದ್ದನ್ನೇ ಕೊಟ್ಟಿದ್ದಾರೆಯೇ ಅನ್ನುವುದು ಬೇರೆ ಪ್ರಶ್ನೆ. ಇಲ್ಲಿ ಬರೆಯುತ್ತಿರುವುದು ಎರಡನೆಯದರ ಬಗ್ಗೆ. ನಾನು ಗದಗಿನ ಕಡೆಯವನು. ಹಾಗಾಗಿ ನನಗೆ ಗೊತ್ತಿರುವ ಊಟವನ್ನೇ ಉದಾಹರಣೆಗೆ ಹಿಡಿದುಕೊಂಡಿದ್ದೇನೆ. ಮಲೆನಾಡು, ಕೊಡಗು, ಕರಾವಳಿಯ ಹೆಸರಿನ ಕೆಫೆಗೆ ಹೋದರೂ ಕ್ರಮ ಇದೇ, ಪದಾರ್ಥ ಮಾತ್ರ ಬೇರೆ.

ಹೆಜ್ಜೆ 1: ಮನೆಯಲ್ಲೇ ಕೂತು ಮೆನು ಓದಿ

ಈಗ ಎಲ್ಲ ಕೆಫೆಗಳ ಮೆನುವೂ ಫೋನಿನಲ್ಲಿ ಸಿಗುತ್ತದೆ. ಹೋಗುವ ಮೊದಲೇ ಒಮ್ಮೆ ನೋಡಿ. ಅರ್ಧ ಸತ್ಯ ಅಲ್ಲೇ ತಿಳಿಯುತ್ತದೆ.

ಮೊದಲು ಊರು ಹುಡುಕಿ. 'ಉತ್ತರ ಕರ್ನಾಟಕ' ಅನ್ನುವುದು ಒಂದು ಅಡುಗೆಮನೆ ಅಲ್ಲ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಸಂಜೆಯಾದರೆ ಮಿರ್ಚಿ ಬಜ್ಜಿ, ಮಂಡಕ್ಕಿಯ ಗಿರ್ಮಿಟ್. ವಿಜಯಪುರ, ಬಾಗಲಕೋಟೆ ಬಿಳಿಜೋಳದ ಸೀಮೆ. ಕಡಕ್ ರೊಟ್ಟಿಯ ಅಟ್ಟಿ ಕಟ್ಟಿ ಮಾರುವ ಊರುಗಳು ಅಲ್ಲಿವೆ. ಬೆಳಗಾವಿಯ ಒಲೆಯಲ್ಲಿ ಮರಾಠಿ ಸೊಗಡು ಇದೆ, ಹಾಲಿನ ಸಿಹಿತಿಂಡಿ ಕುಂದಾ ಇದೆ. ಕಲಬುರಗಿ, ಬೀದರ ಕಡೆ ತೊಗರಿಬೇಳೆಯದೇ ರಾಜ್ಯ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ ಅಂದರೆ ಅಲ್ಲಿ ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ, ಹಲವು ಬಗೆಯ ಸೊಪ್ಪು, ಕಾಳು, ತರಕಾರಿ ಸೇರಿಸಿ ಬೇಯಿಸಿದ ಪಲ್ಯ. ಮೆನುವಿನಲ್ಲಿ ಒಂದಾದರೂ ಪದಾರ್ಥ ಇಂಥ ಒಂದು ಜಾಗಕ್ಕೆ ಅಂಟಿಕೊಂಡಿದ್ದರೆ ಒಳ್ಳೆಯ ಲಕ್ಷಣ. ಬದಲಿಗೆ ನೀರ್ ದೋಸೆ, ಅಕ್ಕಿ ರೊಟ್ಟಿ, ಬಿಸಿಬೇಳೆಬಾತ್, ಎಣಗಾಯಿ, ಗೋಬಿ ಮಂಚೂರಿ ಎಲ್ಲ ಒಂದೇ ಹಾಳೆಯಲ್ಲಿ ಇದ್ದರೆ ಅದು ಸುಮ್ನೆ ಹೋಟೆಲ್. ಕಂಬಳಿ ಹೊದ್ದುಕೊಂಡಿದೆ, ಅಷ್ಟೇ.

ಎರಡನೆಯದು ಕಾಲ. ಸೀತನಿ ಅಂದರೆ ಹಾಲು ತುಂಬಿದ ಎಳೆ ಜೋಳದ ತೆನೆಯನ್ನು ಸುಟ್ಟು ಬಡಿದು ತೆಗೆದ ಕಾಳು. ಹಿಂಗಾರಿ ಜೋಳಕ್ಕೆ ಕಾಳು ಕಟ್ಟುವ ಚಳಿಗಾಲದಲ್ಲಿ ಕೆಲವೇ ವಾರ ಸಿಗುತ್ತದೆ. ಸುಲಗಾಯಿ, ಅಂದರೆ ಹಸಿ ಕಡಲೆಯ ಕತೆಯೂ ಹೀಗೇ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಸಂಕ್ರಾಂತಿಯ ಸುತ್ತಮುತ್ತ ಒಂದು ಗತ್ತು. ಆಗಸ್ಟ್‌ನಲ್ಲೂ 'ತಾಜಾ ಸೀತನಿ' ಅಂತ ಮೆನುವಿನಲ್ಲಿ ಇದ್ದರೆ ನಕ್ಕು ಮುಂದೆ ಹೋಗಿ. 'ಈ ತಿಂಗಳು ಮಾತ್ರ' ಅಂತ ಚೀಟಿ ಅಂಟಿಸಿದ ಕೆಫೆ ಕಂಡರೆ ನನಗೆ ಖುಷಿ.

ಮೂರನೆಯದು ಬಡಾಯಿ. 'ಸಾವಿರ ವರ್ಷದ ಪರಂಪರೆಯ ಶೇಂಗಾ ಹಿಂಡಿ' ಅಂತ ಒಂದು ಕಡೆ ಓದಿದ್ದೆ. ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ. ಶೇಂಗಾ, ಮೆಣಸಿನಕಾಯಿ, ಟೊಮೆಟೊ ಮೂರೂ ಅಮೆರಿಕ ಖಂಡದ ಬೆಳೆ. ಮೆಣಸಿನಕಾಯಿ ನಮ್ಮ ಕಡೆ ಬಂದದ್ದೇ 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. ಧಾರವಾಡ ಪೇಡೆಯ ಠಾಕೂರ್ ಮನೆತನ ಬಂದದ್ದು ಉತ್ತರ ಪ್ರದೇಶದ ಉನ್ನಾವ್‌ನಿಂದ. ಹಾಗಂತ ಪೇಡೆ ಧಾರವಾಡದ್ದಲ್ಲ ಅನ್ನೋಕಾಗುತ್ತಾ? ಅಸಲಿತನ ಹಳೆಯ ಕಾಲದಲ್ಲಿ ಇಲ್ಲ, ಊರಿನ ಮಂದಿ ದಿನಾ ಹೇಗೆ ಉಣ್ಣುತ್ತಾರೆ ಅನ್ನುವುದರಲ್ಲಿ ಇದೆ. ಸಾವಿರ ವರ್ಷದ ಲೆಕ್ಕ ಹೇಳುವವರಿಗೆ ನಿನ್ನೆಯ ಅಡುಗೆ ಗೊತ್ತಿರುವುದು ಅನುಮಾನ.

ಇನ್ನೊಂದು ಮಾತು. ಉತ್ತರ ಕರ್ನಾಟಕ ಅಂದರೆ ಬರೀ ಸಸ್ಯಾಹಾರ ಅಂತ ಎಷ್ಟೋ ಕೆಫೆಗಳು ತೋರಿಸುತ್ತವೆ. ಲಿಂಗಾಯತ ಖಾನಾವಳಿಗಳ ಹೆಸರು ದೊಡ್ಡದು, ಅದಕ್ಕೆ ಹಾಗೆ. ಹುಬ್ಬಳ್ಳಿ, ಗದಗದ ಸಾವಜಿ ಸಮುದಾಯದವರ ಖಾನಾವಳಿಯ ಮಟನ್ ತಿಂದು ಕಣ್ಣು ಮೂಗು ಒರೆಸಿಕೊಂಡವರಿಗೆ ಇದು ಅರ್ಧ ಚಿತ್ರ ಅಂತ ಗೊತ್ತು. ಸಸ್ಯಾಹಾರದ ಕೆಫೆ ನಡೆಸುವುದು ತಪ್ಪಲ್ಲ. 'ಇದೇ ಪೂರ್ತಿ ಉತ್ತರ ಕರ್ನಾಟಕ' ಅನ್ನುವುದು ಮಾತ್ರ ಸರಿಯಲ್ಲ.

ಹೆಜ್ಜೆ 2: ಮಧ್ಯಾಹ್ನ ಹೋಗಿ, ಕಿವಿ ಕೊಡಿ

ರಾತ್ರಿ ಎಂಟಕ್ಕೆ ಹೋದರೆ ಲಾಟೀನಿನ ಬೆಳಕಲ್ಲಿ ಏನೂ ಸರಿಯಾಗಿ ಕಾಣಲ್ಲ. ಮಧ್ಯಾಹ್ನ ಒಂದರ ಹೊತ್ತಿಗೆ ಹೋಗಿ. ಖಾನಾವಳಿಯ ಊಟದ ಹೊತ್ತು ಅದು. ಅಡುಗೆಮನೆಯ ಹತ್ತಿರದ ಟೇಬಲ್ ಕೇಳಿ. ಸಾಮಾನ್ಯವಾಗಿ ಯಾರೂ ಕೇಳದ ಟೇಬಲ್ ಅದು, ಕೊಡುತ್ತಾರೆ.

ಅಲ್ಲಿ ಕೂತು 'ಟಪ್ ಟಪ್' ಸದ್ದು ಬರುತ್ತದಾ ನೋಡಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಎಳೆತ ಇಲ್ಲ. ಕುದಿಯುವ ನೀರು ಹಾಕಿ ಕಲಸಿ ನಾದಿದಾಗ ಮಾತ್ರ ಸ್ವಲ್ಪ ಜಿಗಿ ಬರುತ್ತದೆ. ಅದಕ್ಕೇ ಅಂಗೈಯಲ್ಲಿ ಬಡಿದು ಬಡಿದು ಅಗಲ ಮಾಡುತ್ತಾರೆ.

ಆದರೆ ಸದ್ದು ಬರಲಿಲ್ಲ ಅಂತ ಎದ್ದು ಹೋಗಬೇಡಿ. ನಾನು ಒಮ್ಮೆ ಹಾಗೆ ಮಾಡಿ ಪೆಚ್ಚಾಗಿದ್ದೇನೆ. ಅಡುಗೆಮನೆಯ ಕಿಟಕಿಯಲ್ಲಿ ಲಟ್ಟಣಿಗೆ ಕಂಡಿತು. "ರೊಟ್ಟಿ ಬಡಿಯೋದಲ್ರೀ, ಲಟ್ಟಿಸೋದೇನು?" ಅಂತ ದೊಡ್ಡ ತಜ್ಞನ ಹಾಗೆ ಕೇಳಿದೆ. ಒಳಗಿದ್ದ ಅಕ್ಕ ವಿಜಯಪುರದ ಕಡೆಯವರು. ತಲೆ ಎತ್ತದೆ ಹೇಳಿದರು: "ನಮ್ ಮನ್ಯಾಗೂ ಈಗ ಲಟ್ಟಸ್ತೀವ್ರಿ ಅಣ್ಣಾರ. ಕೈ ನೋವ್ ನಿಮಗೇನ್ ಗೊತ್ತು?" ಆ ರೊಟ್ಟಿ ಅಪ್ಪಟ ಜೋಳದ್ದೇ ಆಗಿತ್ತು. ಲಟ್ಟಣಿಗೆ ಊರಿನ ಮನೆಗಳಿಗೂ ಬಂದಿದೆ. ಹಾಗಾಗಿ ಸದ್ದಿಗೆ ಸ್ವಲ್ಪ ಅಂಕ ಕೊಡಿ, ತೀರ್ಪನ್ನು ರೊಟ್ಟಿ ಕೈಗೆ ಬಂದ ಮೇಲೆ ಕೊಡಿ.

ಬಡಿಸುವವನ ಭಾಷೆಯೂ ಅಷ್ಟೇ. ಅವನು ಒಡಿಶಾದವನೋ ಅಸ್ಸಾಮಿನವನೋ ಇರಬಹುದು. ಬೆಂಗಳೂರಿನ ಯಾವ ಹೋಟೆಲಲ್ಲಿ ಇಲ್ಲ ಹೇಳಿ? ಅದರಿಂದ ಒಳಗಿನ ಅಡುಗೆ ಕೆಟ್ಟಿದೆ ಅಂತ ಆಗಲ್ಲ.

ಹೆಜ್ಜೆ 3: ರೊಟ್ಟಿಯನ್ನು ಕೈಯಲ್ಲಿ ಹಿಡಿಯಿರಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಬೇರೇನೂ ನೋಡಲಾಗದಿದ್ದರೂ ಇದನ್ನು ಮಾತ್ರ ಬಿಡಬೇಡಿ.

ಪಲ್ಯ ಮುಟ್ಟುವ ಮೊದಲು ಒಂದು ತುಂಡು ರೊಟ್ಟಿ ಹಾಗೇ ಮುರಿಯಿರಿ. ಜೋಳದ ರೊಟ್ಟಿ ತಟ್ಟನೆ ಹರಿಯುತ್ತದೆ, ಎಳೆಯುವುದಿಲ್ಲ. ಎಳೆದರೆ ಗೋಧಿಯೋ ಮೈದಾವೋ ಬೆರೆತಿದೆ. ಅಂಚು ನೋಡಿ. ಕೈಯಲ್ಲಿ ಬಡಿದ ರೊಟ್ಟಿಯ ಅಂಚಿನಲ್ಲಿ ಸಣ್ಣ ಸಣ್ಣ ಬಿರುಕು ಇರುತ್ತದೆ, ಆಕಾರ ಅಲ್ಲಲ್ಲಿ ಸೊಟ್ಟ. ಮೇಲೆ ತೆಳ್ಳಗೆ ಒಣ ಹಿಟ್ಟಿನ ಬಿಳುಪು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಭಾಗಕ್ಕೆ ನೀರು ಸವರುತ್ತಾರೆ. ನೀರು ಆರುತ್ತಿದ್ದ ಹಾಗೆ ತಿರುವಿ, ಆಮೇಲೆ ಬೆಂಕಿಗೆ ಹಿಡಿಯುತ್ತಾರೆ. ಆಗ ರೊಟ್ಟಿ ಪೂರಿಯಂತೆ ಉಬ್ಬಿ ಎರಡು ಪದರ ಆಗುತ್ತದೆ. ಒಂದು ಪದರ ಹಾಳೆಯಷ್ಟು ತೆಳು. ಉಗುರಲ್ಲಿ ಮೆಲ್ಲಗೆ ಎಬ್ಬಿಸಿ ನೋಡಿ, ಬಿಡಿಸಿಕೊಂಡು ಬರುತ್ತದೆ.

ಆ ತುಂಡನ್ನು ಬರೀ ಬಾಯಲ್ಲಿ ಅಗಿಯಿರಿ. ಎರೆ ಹೊಲದ ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ, ಅಗಿದಷ್ಟೂ ಸಣ್ಣಗೆ ಸಿಹಿ ಬಿಡುತ್ತದೆ. ಕಹಿ ಬಂದರೆ ಹಿಟ್ಟು ಹಳೆಯದು. ಜೋಳದ ಹಿಟ್ಟನ್ನು ಊರಲ್ಲಿ ಬೇಕಾದಷ್ಟೇ ಬೀಸಿಸಿಕೊಂಡು ಬರುವುದು ಇದಕ್ಕೇ. ಹೆಚ್ಚು ದಿನ ಇಟ್ಟರೆ ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಜಿಗಿ ಹೋದ ಹಿಟ್ಟಿನಲ್ಲಿ ರೊಟ್ಟಿ ಆಗುವುದಿಲ್ಲ. ಆಗಲೇ ಕೆಲವು ಅಡುಗೆಮನೆಗಳು ಗೋಧಿ ಬೆರೆಸುವ ದಾರಿ ಹಿಡಿಯುವುದು.

ಈಗ ಅರ್ಧ ರೊಟ್ಟಿಯನ್ನು ಪಕ್ಕಕ್ಕೆ ಇಟ್ಟು ಊಟ ಶುರು ಮಾಡಿ. ಹದಿನೈದು ನಿಮಿಷ ಬಿಟ್ಟು ಮುಟ್ಟಿ ನೋಡಿ. ಜೋಳ ಆದರೆ ಬಿರುಸಾಗಿ ಮುರಿಯುವ ಹಾಗೆ ಆಗಿರುತ್ತದೆ. ಗೋಧಿ ಬೆರೆತಿದ್ದರೆ ಚರ್ಮದಂತೆ ಜಗ್ಗುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಜೋಳದ ಹೆಸರು ಎಲ್ಲ ಮೆನುವಿಗೂ ಏರಿದೆ. ಹೆಸರು ಏರಿದಷ್ಟು ಜೋಳ ಹಿಟ್ಟಿನ ಡಬ್ಬಕ್ಕೆ ಏರಿಲ್ಲ ಅನ್ನುವುದು ನನ್ನ ಗುಮಾನಿ.

ಹೆಜ್ಜೆ 4: ಎಣಗಾಯಿಯನ್ನು ಬಿಡಿಸಿ ನೋಡಿ

ದಕ್ಷಿಣದಲ್ಲಿ ಎಣ್ಣೆಗಾಯಿ ಅಂತಾರೆ, ನಮ್ಮ ಕಡೆ ಎಣಗಾಯಿ. ಬದನೆಕಾಯಿ ಸಣ್ಣದಿರಬೇಕು, ಎಳೆಯದಿರಬೇಕು. ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ ಒಳಗೆ ಮಸಾಲೆ ತುಂಬಿರಬೇಕು. ತಟ್ಟೆಗೆ ಬಂದ ಕೂಡಲೇ ತೊಟ್ಟು ಹಿಡಿದು ಬಿಡಿಸಿ. ಸೀಳಿನ ಒಳಗೆ ಮಸಾಲೆ ಇದ್ದರೆ ಸರಿ. ಒಳಗೆ ಬೆಳ್ಳಗೆ ಖಾಲಿ ಇದ್ದರೆ ಬದನೆಕಾಯಿಯನ್ನು ಬೇರೆ ಕರಿದು, ಬೆಳಿಗ್ಗೆಯೇ ಮಾಡಿಟ್ಟ ಗ್ರೇವಿಯಲ್ಲಿ ಮುಳುಗಿಸಿದ್ದಾರೆ ಅಂತ ಅರ್ಥ. ಅದೇ ಗ್ರೇವಿ ಪಕ್ಕದ ಟೇಬಲಿನಲ್ಲಿ ಪನೀರ್ ಮೇಲೂ ಇರಬಹುದು.

ಮಸಾಲೆಯಲ್ಲಿ ಹುರಿದ ಶೇಂಗಾ, ಎಳ್ಳು ಅಥವಾ ಗುರೆಳ್ಳು, ಒಣ ಕೊಬ್ಬರಿ, ಹುಣಸೆಹಣ್ಣು, ಚೂರು ಬೆಲ್ಲ, ಮಸಾಲೆ ಖಾರ ಇರುತ್ತದೆ. ಹಸಿ ತೆಂಗಿನಕಾಯಿ ಯಾಕಿಲ್ಲ? ಎರೆ ಸೀಮೆಯಲ್ಲಿ ತೆಂಗು ಎಲ್ಲಿದೆ? ಕೆಡದೆ ಉಳಿಯುವ ಕೊಬ್ಬರಿಯೇ ಗತಿ. ಹೊಲದಲ್ಲಿ ಏನು ಬೆಳೆಯುತ್ತದೋ ಅದರ ಮೇಲೆ ಊಟ ನಿಂತಿದೆ. ಕಾಯಿತುರಿ ರಾಶಿ ಬಿದ್ದ ಎಣಗಾಯಿ ತಿನ್ನಲು ಚೆಂದ ಇರಬಹುದು, ಅದರ ಊರು ಮಾತ್ರ ಸ್ವಲ್ಪ ದಕ್ಷಿಣಕ್ಕೆ. ಗುರೆಳ್ಳು ಅಂದರೆ ನೀವು ಹುಚ್ಚೆಳ್ಳು ಅನ್ನುವುದೇ. ಅದು ಬಿದ್ದರೆ ಮಸಾಲೆ ಕಪ್ಪಗಾಗುತ್ತದೆ, ಫೋಟೋಗೆ ಚೆನ್ನಾಗಿ ಬರಲ್ಲ. ಬಹುಶಃ ಅದಕ್ಕೇ ಕೆಫೆಗಳು ಅದನ್ನು ಬಿಟ್ಟುಬಿಡುತ್ತವೆ.

ಬಣ್ಣ ಕಂಡು ಹೆದರಬೇಡಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು, ಬಣ್ಣ ಜಾಸ್ತಿ, ಖಾರ ಕಮ್ಮಿ. ಖಾರಕ್ಕೆ ಅದರ ಜೊತೆ ಸಂಕೇಶ್ವರದಂಥ ಬೇರೆ ಮೆಣಸಿನಕಾಯಿ ಸೇರಿಸಿ, ಬೇಸಿಗೆಯಲ್ಲಿ ಒಂದೇ ಸಲ ವರ್ಷಕ್ಕಾಗುವಷ್ಟು ಖಾರ ಕುಟ್ಟಿಸುತ್ತಾರೆ. ಕಣ್ಣಿಗೆ ಕೆಂಪಗೆ ಕಂಡು ಬಾಯಿಗೆ ಹದವಾಗಿದ್ದರೆ ಅದು ಅಡುಗೆ ಗೊತ್ತಿದ್ದವರ ಕೈ. ಕಣ್ಣಿಗೂ ಸಪ್ಪೆ ಬಾಯಿಗೂ ಸಪ್ಪೆ ಆದರೆ ಮಾತಾಡೋದೇ ಬೇಡ.

ಸಂಜೆ ಹೋದವರು ಎಣಗಾಯಿ ಬದಲು ಗಿರ್ಮಿಟ್ ಹೇಳಿ. ಮಂಡಕ್ಕಿಗೆ ಈರುಳ್ಳಿ, ಹುಣಸೆ, ಬೆಲ್ಲದ ಒಗ್ಗರಣೆ ಕಲಸಿ, ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಹಿಟ್ಟು, ಉದುರಿಸಿರಬೇಕು. ಪುಟಾಣಿ ಹಿಟ್ಟು ಇಲ್ಲದಿದ್ದರೆ ಅದು ಬೇರೆ ಯಾವುದೋ ಚುರುಮುರಿ. ಟೇಬಲಿಗೆ ಬರುವ ಹೊತ್ತಿಗೆ ಮೆತ್ತಗಾಗಿದ್ದರೆ ಮೊದಲೇ ಕಲಸಿಟ್ಟದ್ದು. ಜೊತೆಗೆ ಮಿರ್ಚಿ ಇರಬೇಕು.

ಹೆಜ್ಜೆ 5: ತಟ್ಟೆಯ ಅಂಚು ನೋಡಿ

ಎಲ್ಲರೂ ನೋಡುವುದು ತಟ್ಟೆಯ ನಡುವೆ ಏನಿದೆ ಅಂತ. ನಾನು ನೋಡುವುದು ಅಂಚು. ಊರಿನ ಖಾನಾವಳಿಯಲ್ಲಿ ರೊಟ್ಟಿ ಬರುವ ಮೊದಲೇ ಅಂಚಿನಲ್ಲಿ ಏನೇನೋ ಬಂದು ಕೂತಿರುತ್ತದೆ. ಸೀಳಿದ ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ, ತೊಳೆದ ಹಸಿ ಮೆಂತ್ಯ ಸೊಪ್ಪು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಇವುಗಳಲ್ಲಿ ಒಂದಾದರೂ. ಗಟ್ಟಿ ಮೊಸರು. ಕೆಂಪು ಮೆಣಸಿನಕಾಯಿಯ ರಂಜಕ. ಹಿಂಡಿಯ ಮೇಲೆ ಹಸಿ ಎಣ್ಣೆ. ಇವು ಯಾವುವೂ ಬಿಲ್ಲಿನಲ್ಲಿ ಇರಲ್ಲ. ಕೇಳಿದರೆ ಮತ್ತೆ ಹಾಕುತ್ತಾರೆ, ಕೇಳದಿದ್ದರೂ ಹಾಕುತ್ತಾರೆ.

ಕೆಫೆಯವರು ಎಣಗಾಯಿಯ ಪಾಕ ಯಾರಿಂದಲೋ ಕಲಿತು ಮಾಡಬಹುದು. ದುಡ್ಡು ಬರದ ಮೆಂತ್ಯ ಸೊಪ್ಪನ್ನು ದಿನಾ ಬೆಳಿಗ್ಗೆ ತಂದು ತೊಳೆದು ಇಡಬೇಕು ಅಂದರೆ ಆ ಊಟ ಉಂಡು ಬೆಳೆದವರು ಯಾರೋ ಒಳಗೆ ಇರಬೇಕು. ಆದ್ದರಿಂದ ನನ್ನ ಲೆಕ್ಕದಲ್ಲಿ ಹಸಿ ಸೊಪ್ಪಿಗೆ, ಗುರೆಳ್ಳು ಹಿಂಡಿಗೆ ಗೋಡೆಯ ಅಲಂಕಾರಕ್ಕಿಂತ ಹತ್ತು ಪಟ್ಟು ಅಂಕ. ಸಣ್ಣ ಬಟ್ಟಲಿನ ಹಿಂಡಿಗೆ ಬೇರೆ ದುಡ್ಡು ಹಾಕಿದ ಬಿಲ್ಲೂ ನಾನು ಕೊಟ್ಟಿದ್ದೇನೆ. ಹಾಕಲಿ, ಬೆಂಗಳೂರಿನ ಬಾಡಿಗೆ ನನಗೂ ಗೊತ್ತು. ಆದರೆ ಆ ಹಿಂಡಿ ಪ್ಯಾಕೆಟ್ಟಿನದ್ದೋ ಮನೆಯಲ್ಲಿ ಕುಟ್ಟಿದ್ದೋ ನೋಡಿ. ಕುಟ್ಟಿದ್ದು ತರಿತರಿ ಇರುತ್ತದೆ, ಬೆಳ್ಳುಳ್ಳಿ ಇನ್ನೂ ಹಸಿಯಾಗಿ ಮೂಗಿಗೆ ಬಡಿಯುತ್ತದೆ. ಶೇಂಗಾ ಹಿಂಡಿ ಬೆರಳಲ್ಲಿ ಒತ್ತಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಪ್ಯಾಕೆಟ್ಟಿನದು ಪುಡಿಪುಡಿಯಾಗಿ ಉದುರುತ್ತದೆ.

ಹೆಜ್ಜೆ 6: ಸರಿಯಾದ ಪ್ರಶ್ನೆ ಕೇಳಿ

"ಇದು ಅಸಲಿನಾ?" ಅಂತ ಕೇಳಿದರೆ ಇಲ್ಲ ಅನ್ನುವ ಮಾಲೀಕ ಭೂಮಿ ಮೇಲೆ ಇಲ್ಲ. ಉತ್ತರದಲ್ಲಿ ಒಂದು ಊರಿನ ಹೆಸರೋ, ಒಬ್ಬ ಮನುಷ್ಯನ ಸುದ್ದಿಯೋ ಬರುವಂಥ ಪ್ರಶ್ನೆ ಕೇಳಿ.

"ರೊಟ್ಟಿ ಮಾಡೋರು ಯಾವ ಊರಿನವರು?" "ಜೋಳ ಎಲ್ಲಿಂದ ತರಿಸ್ತೀರಿ? ಹಿಟ್ಟು ಯಾವಾಗ ಬೀಸಿದ್ದು?" "ಇವತ್ತು ಪುಂಡಿ ಪಲ್ಯ ಇದೆಯಾ?" ಪುಂಡಿ ಸೊಪ್ಪು ಹುಳಿ. ಅದಕ್ಕೆ ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ನುಚ್ಚು ಹಾಕ್ತೀರಾ ಅಂತ ಕೇಳಿದ ಕೂಡಲೇ ಒಳಗಿನವರ ಮುಖ ಅರಳಿದರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ. "ಇವತ್ತು ಇಲ್ರಿ, ಸೊಪ್ಪು ಚಲೋ ಬಂದಿಲ್ಲ" ಅಂದರೆ ಇನ್ನೂ ಒಳ್ಳೆಯದು. ಇಲ್ಲ ಅನ್ನಲು ಧೈರ್ಯ ಇರುವ ಅಡುಗೆಮನೆ ಅದು.

ಜನ ಜಾಸ್ತಿ ಇರುವಾಗ ವಕೀಲರ ಹಾಗೆ ಕೇಳುತ್ತಾ ನಿಲ್ಲಬೇಡಿ. ಒಂದೋ ಎರಡೋ ಪ್ರಶ್ನೆ, ಅದೂ ನಗುತ್ತಾ.

ಹೆಜ್ಜೆ 7: ಯಾವುದನ್ನು ಬಿಟ್ಟುಕೊಡಬೇಕು

ಎಣ್ಣೆ ಬಿಟ್ಟುಬಿಡಿ. ಕುಸುಬಿ ಎಣ್ಣೆಯ ರುಚಿ ನನಗೂ ಬೇಕು, ಆದರೆ ಈಗ ಊರಿನ ಮನೆಗಳಲ್ಲೇ ಸೂರ್ಯಕಾಂತಿ ಎಣ್ಣೆ. ಕಟ್ಟಿಗೆ ಒಲೆ ಬದಲು ಗ್ಯಾಸ್ ಇದ್ದರೂ ಸರಿ. ಖಾರ ಸ್ವಲ್ಪ ತಗ್ಗಿಸಿದ್ದರೂ ಸರಿ, ಕೇಳಿದಾಗ ಊರಿನ ಖಾರ ಕೊಟ್ಟರೆ ಸಾಕು. ಕೆಫೆಯವರು ತಾವೇ ಹೊಸದೇನೋ ಮಾಡಿದ್ದು, ಕಡಲೆಹಿಟ್ಟಿನ ಝುಣಕದ ವಡಿಯನ್ನು ಬನ್ನಿನಲ್ಲಿ ಇಟ್ಟಿದ್ದು ಇತ್ಯಾದಿ, ಅದನ್ನು ಹೊಸದು ಅಂತಲೇ ಹೇಳಿ ಮಾರಿದರೆ ನನ್ನ ತಕರಾರಿಲ್ಲ. ನಾನೇ ಎರಡು ತಿಂದಿದ್ದೇನೆ.

ಮತ್ತೆ ನಿಮ್ಮ ಅವ್ವನ ಕೈರುಚಿಯನ್ನು ಅಳತೆಗೋಲು ಮಾಡಬೇಡಿ. ನಮ್ಮ ಮನೆಯ ಎಣಗಾಯಿಗೂ ಪಕ್ಕದ ಓಣಿಯ ಎಣಗಾಯಿಗೂ ಹೋಲಿಕೆ ಇರಲಿಲ್ಲ. ಇಬ್ಬರೂ ಒಂದೇ ಬಾವಿಯ ನೀರು ಸೇದುತ್ತಿದ್ದರು.

ಕೆಫೆಯ ಬಗ್ಗೆ ಎಲ್ಲಾದರೂ ಅಭಿಪ್ರಾಯ ಬರೆಯುವುದಿದ್ದರೆ 'ಅಸಲಿ', 'ನಕಲಿ' ಅಂತ ಒಂದೇ ಪದ ಬರೆದು ಬಿಡಬೇಡಿ. 'ರೊಟ್ಟಿ ಎಳೆಯಿತು, ಗೋಧಿ ಇರಬಹುದು. ಹಿಂಡಿ ತಾಜಾ ಇತ್ತು. ಹಸಿ ಸೊಪ್ಪು ಕೊಡಲಿಲ್ಲ' ಅಂತ ಕಂಡದ್ದನ್ನು ಬರೆಯಿರಿ. ಓದಿದವರಿಗೂ ಉಪಯೋಗ, ಮಾಲೀಕರಿಗೂ ತಿದ್ದಿಕೊಳ್ಳಲು ದಾರಿ.

ಹೆಜ್ಜೆ 8: ಹೋಳಿಗೆ ಇದ್ದರೆ ಕಟ್ಟಿನ ಸಾರು ಕೇಳಿ

ಇದು ನನ್ನ ಕೊನೆಯ ಪಟ್ಟು. ಬೇಳೆ ಹೋಳಿಗೆ ಮಾಡುವಾಗ ಕಡಲೆಬೇಳೆ ಬೇಯಿಸಿ ನೀರು ಬಸಿಯುತ್ತಾರೆ. ಆ ನೀರೇ ಕಟ್ಟು. ಅದರಲ್ಲಿ ಮಾಡಿದ್ದು ಕಟ್ಟಿನ ಸಾರು, ದಕ್ಷಿಣದವರ ಒಬ್ಬಟ್ಟಿನ ಸಾರು. ಹೋಳಿಗೆ ಅಲ್ಲೇ ಆಗಿದ್ದರೆ ಕಟ್ಟು ಇದ್ದೇ ಇರುತ್ತದೆ. ಹೊರಗಿನಿಂದ ತರಿಸಿದ್ದರೆ ಇರಲ್ಲ. ಶೇಂಗಾ ಹೋಳಿಗೆಗೆ ಈ ಪಟ್ಟು ನಡೆಯದು. ಅದು ಎಷ್ಟೋ ದಿನ ಉಳಿಯುವ ತಿಂಡಿ, ಊರಿನಿಂದ ಡಬ್ಬಿಯಲ್ಲಿ ಬಂದಿದ್ದರೂ ಅಸಲಿಯೇ.

ಕಳೆದ ಸಲ ಒಂದು ಸಣ್ಣ ಕೆಫೆಯಲ್ಲಿ ಹೀಗೇ ಕೇಳಿದೆ. ಗೋಡೆಯ ಮೇಲೆ ಅಂಥದ್ದೇನೂ ಇರಲಿಲ್ಲ, ಒಂದು ಬಸವಣ್ಣನ ಫೋಟೋ, ಒಂದು ಕ್ಯಾಲೆಂಡರ್. ಮೆನುವಿನಲ್ಲಿ ಹೋಳಿಗೆ ಇತ್ತು, ಸಾರು ಇರಲಿಲ್ಲ. ಹುಡುಗನಿಗೆ ನಾನು ಕೇಳಿದ್ದು ಅರ್ಥ ಆಗಲಿಲ್ಲ, ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಬ್ಬ ವಯಸ್ಸಾದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಕಟ್ಟಿನ ಸಾರು ಯಾರ್ ಕೇಳಿದ್ರಿ?"

ನಾನು ಕೈ ಎತ್ತಿದೆ.

"ನಮಗಂತ ಮಾಡ್ಕೊಂಡಿದ್ವಿ. ಸ್ವಲ್ಪ ಐತಿ, ತಡೀರಿ."

ಬಟ್ಟಲಲ್ಲಿ ಬಂತು. ಬೆಲ್ಲ, ಹುಣಸೆ, ಕೊಬ್ಬರಿ, ಕೆಳಗೆ ಕೂತ ಸ್ವಲ್ಪ ಹೂರಣ. ಬಿಲ್ ಬಂದಾಗ ನೋಡಿದೆ. ಸಾರು ಅದರಲ್ಲಿ ಇರಲಿಲ್ಲ.